ನಾಲ್ಕು ನಿಮಿಷದ ಮುನಿಸು

ಮಾರ್ಚ್ ತಿಂಗಳು. ಸ್ಯಾಗಿನಾ ಊರಿನ ಹೊರಗೆ
ಹಿಮಕ್ಕೆಂದು ರಸ್ತೆಗೆ ಸುರಿದ ಉಪ್ಪು ಇನ್ನೂ ಕರಗಿರಲಿಲ್ಲ.
ಗುಜರಿಯಂಗಳದ ಬಾಗಿಲಲ್ಲಿ ತಲೆಗೆರಡು ಡಾಲರು ತೆತ್ತು
ಒಳಗೆ ಹೋದೆವು, ಪಕ್ಕದ ಮನೆಯ ಮಾರಿಸೆಲಾ ಮತ್ತು ನಾನು.
ಅವಳ ಹೆಗಲಿಗೆ ಸ್ಪ್ಯಾನರಿನ ಚೀಲ.
ನನ್ನ ಬಳಿ ಒಂದು ಟಾರ್ಚು, ಮತ್ತೆ
ಮೂವತ್ತು ವರ್ಷ ಫೌಂಡ್ರಿಯಲ್ಲಿ ಬೆಂದವನ
ಪುಕ್ಕಟೆ ಬುದ್ಧಿವಾದ.

ಅವಳ ಕಾರು ಎಂಬತ್ತೈದರ ಫಿಯೆರೊ.
ಇಬ್ಬರಿಗಷ್ಟೇ ಜಾಗ, ಕೂತರೆ ರಸ್ತೆಗೇ ಕೂತಂತೆ,
ರೆಪ್ಪೆ ಎತ್ತಿ ನೋಡುವ ದೀಪ, ಬೆನ್ನ ಹಿಂದೆ ಎಂಜಿನ್.
ನೋಟಕ್ಕೆ ಚಿರತೆ, ಏರಿನಲ್ಲಿ ಕತ್ತೆ.
ಆರುನೂರು ಡಾಲರಿಗೆ ಕೊಂಡಾಗ "ಮೋಸವಾಯಿತು" ಎಂದಿದ್ದೆ.
"ಯಾರಿಗೆ, ಮಾರಿದವನಿಗಾ?" ಎಂದಿದ್ದಳು.

ಬ್ರೇಕು ಸಿಕ್ಕಿದ್ದು ಕ್ಯಾಡಿಲಾಕೊಂದರ ಹಿಂಗಾಲಿನಲ್ಲಿ.
ಕಿಟಕಿಯ ಮೋಟಾರು, ಬಾಗಿಲೇ ಇಲ್ಲದ ವ್ಯಾನಿನ ಬಾಗಿಲೊಂದರಲ್ಲಿ,
ಅದು ಕೆಸರಲ್ಲಿ ಬೇರೆ ಬಿದ್ದಿತ್ತು.
ಎಂಜಿನ್ನಿಗೆ ಮಾತ್ರ ಆಯ್ಕೆಯಿತ್ತು: ಮೂರನೆಯ ಸಾಲಲ್ಲಿ
ಗಾಳಿ ತುರುಕಿ ಉಸಿರಾಡುವ ಆರು ಸಿಲಿಂಡರಿನ ನಾಲ್ಕು ಬ್ಯೂಕು,
ಹಿಂದೆ ನಜ್ಜುಗುಜ್ಜು, ಮುಖ ಇಗರ್ಜಿಗೆ ಹೊರಟಂತೆ.
ನಾನು ಬಾನೆಟ್ಟು ಎತ್ತಿ ಎಣ್ಣೆ ಮೂಸುತ್ತಿದ್ದೆ.
ಅವಳು ಡ್ಯಾಶ್‌ಬೋರ್ಡಿನ ಖಾನೆಗಳನ್ನು ತೆರೆಯುತ್ತ ಹೋದಳು.

ಕೊನೆಯದರಲ್ಲಿ ಪುದೀನಾ ಮಿಠಾಯಿ, ಬಿಂಗೊ ಚೀಟಿ,
ಲಿಯೋಟಾ ಹ್ರುಸ್ಕಾ ಎಂಬಾಕೆಯ ಕಿರುಪುಸ್ತಕ.
ಪೆನ್ಸಿಲಿನಲ್ಲಿ ಎಣ್ಣೆ ಬದಲಿಸಿದ ಲೆಕ್ಕ,
ಮೂರು ಸಾವಿರ ಮೈಲಿಗೊಮ್ಮೆ, ಬಿಡದೆ, ಹನ್ನೆರಡು ವರ್ಷ.
ಒಂದು ಕಡೆ ಮಾತ್ರ:
"ಹದಿನೈದು ದಿನ ತಡ. ಎಡ್ ಆಸ್ಪತ್ರೆಯಲ್ಲಿ."
"ಇದೇ ಬೇಕು" ಎಂದಳು.

ಜೂನಿಗೆ ಎಲ್ಲ ಕೂಡಿತು, ನನ್ನ ಹೆಬ್ಬೆರಳ ಉಗುರೊಂದನ್ನು ಬಿಟ್ಟು.
ಕೀಲಿ ತಿರುಗಿಸಿದರೆ ಸದ್ದಿಲ್ಲ.
ಹಳೆಯ ಕೀಲಿಯ ಬೆನ್ನಲ್ಲಿ ಅಕ್ಕಿಕಾಳಿನಷ್ಟು ಕರಿಮಣಿ ಇತ್ತಂತೆ,
ಅದರ ವಿದ್ಯುತ್ ತಡೆ ಹದಿನೈದರಲ್ಲಿ ಒಂದು,
ಅದೇ ಬೇಕಂತೆ ಈ ಎಂಜಿನ್ನಿನ ಮೆದುಳಿಗೆ.
ಬೇರೆಯದು ಕೊಟ್ಟರೆ ನಾಲ್ಕು ನಿಮಿಷ ಮುನಿಸು.
ಗುಜರಿಗೆ ಓಡಿದೆ. ಬ್ಯೂಕು ಆಗಲೇ ಅಚ್ಚಿನಲ್ಲಿ ಅದುಮಿ
ಟ್ರಂಕಿನಷ್ಟಾಗಿ ಹೋಗಿತ್ತು.

ಹದಿನೈದು ರೋಧಕ ಕೊಂಡಳು, ಒಂದು ಕಾಫಿಯ ಬೆಲೆಗೆ.
ಮೊದಲನೆಯದು, ಇಲ್ಲ. ನಾಲ್ಕು ನಿಮಿಷ.
ಎರಡನೆಯದು, ಇಲ್ಲ. "ಫೌಂಡ್ರಿಯಲ್ಲಿ ಏನು ಎರೆಯುತ್ತಿದ್ದೆ?"
"ಬ್ಲಾಕು. ಯಾವ ಕಾರಿಗೆಂದು ಯಾರೂ ಹೇಳುತ್ತಿರಲಿಲ್ಲ."
"ಇದೂ ನಿನ್ನದೇ ಇರಬಹುದು."
ಇರಲಾರದು. ತಲೆಯಾಡಿಸಿದೆ.
ಐದನೆಯದಕ್ಕೆ, ನರ್ಸಿಂಗ್ ಶುಲ್ಕದ ದುಡ್ಡೇ
ಈ ಕಾರಿಗೆ ಹಾಕಿದ್ದು ಎಂದಳು, ಅಮ್ಮನಿಗೆ ಗೊತ್ತಿಲ್ಲ.
ಏಳನೆಯದಕ್ಕೆ ಇಬ್ಬರೂ ಮಾತಾಡಲಿಲ್ಲ.
ಒಂಬತ್ತನೆಯದಕ್ಕೆ, ನನ್ನ ಹೆಂಡತಿ ಬಿಟ್ಟುಹೋದದ್ದನ್ನು ಹೇಳಿದೆ,
ಯಾರಿಗೂ ಹೇಳದ ಹಾಗೆ,
ಅಂದರೆ ತಪ್ಪು ನನ್ನದೆಂದು.
ಹತ್ತನೆಯದಕ್ಕೆ ಅವಳು ನೀರು ತಂದುಕೊಟ್ಟಳು.

ಹನ್ನೊಂದನೆಯದು.
ಗ್ಯಾರೇಜಿನ ತಗಡು ನಡುಗಿತು, ಕಪಾಟಿನ ಡಬ್ಬಿ ಉರುಳಿತು.
ಅವಳು ಕುಣಿಯುತ್ತಾಳೆ ಅಂದುಕೊಂಡಿದ್ದೆ.
ಸ್ಟೀರಿಂಗಿಗೆ ಹಣೆ ಇಟ್ಟು ಸುಮ್ಮನೆ ಕೂತಳು.
ಆಮೇಲೆ ನಾನು ಬಿಗಿಯಲು ಮರೆತ ನೀರಿನ ಕೊಳವೆ ಕಳಚಿ
ಇಬ್ಬರೂ ನೆಂದೆವು.

ಬೀಟ್ ಹೊಲಗಳ ನಡುವಿನ ನೇರ ರಸ್ತೆಯಲ್ಲಿ ಒಮ್ಮೆ
ನನ್ನನ್ನು ಕೂರಿಸಿಕೊಂಡು ಹೋದಳು.
ಬೆನ್ನು ಸೀಟಿಗೆ ಅಂಟಿತು, ಬುದ್ಧಿವಾದ ಬಾಯಲ್ಲೇ ಉಳಿಯಿತು.
ಬಳಸದ ನಾಲ್ಕು ರೋಧಕ ನನ್ನ ಅಡುಗೆಮನೆಯ ಕಿಟಕಿಯಲ್ಲಿವೆ,
ಯಾರ ಬೀಗದವೋ.

ಅಕ್ಟೋಬರಿನಲ್ಲಿ ಖಾನೆ ತೆರೆದು ನೋಡಿದೆ.
ಮಿಠಾಯಿ ಮುಗಿದಿತ್ತು.
ಪುಸ್ತಕದಲ್ಲಿ ಲಿಯೋಟಾಳ ಕೊನೆಯ ಸಾಲಿನ ಕೆಳಗೆ, ಪೆನ್ಸಿಲಿನಲ್ಲೇ,
ಅದೇ ಪಟ್ಟಿಯ ಅಳತೆಗೆ ಒತ್ತಿ ಬರೆದ ಪುಟ್ಟ ಅಕ್ಷರ:
"ಎಂಟು ದಿನ ತಡ. ಅಂಗರಚನೆಯ ಪರೀಕ್ಷೆ ಇತ್ತು."